ಜಿನೀವಾದಲ್ಲಿ ಪಡ್ರೆಗೆ ಕುರ್ಚಿ ಇರಲಿಲ್ಲ: ಎಂಡೋಸಲ್ಫಾನ್, ಒಂದು ಪ್ರಕರಣ ಅಧ್ಯಯನ

"ಎಂಡೋಸಲ್ಫಾನ್ ವಿಶ್ವಸಂಸ್ಥೆಯವರೇ ಬ್ಯಾನ್ ಮಾಡಿದ್ದಲ್ವಾ" ಅಂತ ನಮ್ಮ ಕಡೆ ಈಗಲೂ ಹೇಳ್ತಾರೆ. ಬಸ್ಸಲ್ಲಿ ಕೇಳಿದ್ದೇನೆ, ಪೆರ್ಲ ಪೇಟೆಯ ಹೋಟೆಲಲ್ಲಿ ಕೇಳಿದ್ದೇನೆ, ಮದುವೆ ಊಟದ ಪಂಕ್ತಿಯಲ್ಲಿ ಕೂತಾಗ ಕೂಡ ಕೇಳಿದ್ದೇನೆ. ಎಂಡೋಸಲ್ಫಾನ್ ಅಂದ್ರೆ ನಮ್ಮ ಕಡೆ ಗೇರು ತೋಟಕ್ಕೆ ಬಿಡ್ತಾ ಇದ್ದ ಕೀಟನಾಶಕ, ನಾವು ಮದ್ದು ಅನ್ನುದು ಅದನ್ನೇ. 2011ರಲ್ಲಿ ಜಿನೀವಾದಲ್ಲಿ ಒಂದು ಅಂತಾರಾಷ್ಟ್ರೀಯ ಒಪ್ಪಂದದ ಸಭೆ ಅದನ್ನು ನಿಲ್ಲಿಸಬೇಕಾದ ವಿಷಗಳ ಪಟ್ಟಿಗೆ ಸೇರಿಸಿದ್ದು ಹೌದು, ಆದ್ರೆ ಅದು ಅರ್ಧ ಮಾತ್ರ ಸರಿ. ಉಳಿದ ಅರ್ಧ ಗೊತ್ತಿಲ್ಲದ ಕಾರಣವೇ ನಾವು ಯಾರ ಹತ್ರ ಕೇಳಬೇಕೋ ಅವರ ಹತ್ರ ಕೇಳ್ತಾ ಇಲ್ಲ, ಏನು ಕೇಳಬೇಕೋ ಅದನ್ನು ಕೇಳ್ತಾ ಇಲ್ಲ ಅಂತ ನನಗೆ ಅನಿಸ್ತದೆ, ಹಾಗಾಗಿ ಇಷ್ಟು ಉದ್ದ ಬರಿಲಿಕ್ಕೆ ಕೂತದ್ದು.

ಮೊದಲು ನಮ್ಮ ನೆಲ ಹೇಗುಂಟು ಅಂತ ಹೇಳ್ತೇನೆ. ಕಾಸರಗೋಡಿನ ಎಣ್ಮಕಜೆ ಪಂಚಾಯತು, ಕರ್ನಾಟಕದ ಗಡಿಗೆ ತಾಗಿಕೊಂಡೇ. ಪಡ್ರೆ, ಸ್ವರ್ಗ, ವಾಣಿನಗರ ಎಲ್ಲ ಇದರ ಒಳಗೆ. ಮೇಲೆ ಗುಡ್ಡೆ, ಗುಡ್ಡೆ ತುಂಬಾ ರಾಜ್ಯ ಸರ್ಕಾರದ ನಿಗಮದ ಗೇರು ತೋಟ, ಗುಡ್ಡೆಯ ಬುಡದಲ್ಲಿ ನಮ್ಮ ಅಡಿಕೆ ತೋಟ, ಮನೆ, ತೋಡು. ನೀರು ಬರುದು ಗುಡ್ಡೆಯ ಹೊಟ್ಟೆಯಿಂದ. ಮುರಕಲ್ಲಿನ ಒಳಗೆ ಅಡ್ಡಕ್ಕೆ ಸುರಂಗ ಕೊರೆದು ಅಲ್ಲಿ ಒಸರುವ ನೀರನ್ನು ಟಾಂಕಿಗೆ ಬಿಡ್ತೇವೆ, ಕುಡಿಲಿಕ್ಕೂ ಅದೇ, ದನಕ್ಕೂ ಅದೇ, ತೋಟಕ್ಕೂ ಅದೇ. ಅಂದ್ರೆ ಗುಡ್ಡೆಯ ಮೇಲೆ ಬಿದ್ದದ್ದು ಇವತ್ತಲ್ಲ ನಾಳೆ ನಮ್ಮ ಚೆಂಬಿಗೆ ಬರ್ತದೆ.

ಆ ಗೇರು ಮರಗಳಿಗೆ ಟೀ ಸೊಳ್ಳೆ ಅನ್ನುವ ಕೀಟದ ಕಾಟ. ನಿಜವಾದ ಸೊಳ್ಳೆ ಅಲ್ಲ ಅದು, ಚಿಗುರು ಮತ್ತು ಹೂಗೊಂಚಲಿನ ರಸ ಹೀರಿ ಕರಟಿಸುವ ತಿಗಣೆ ಜಾತಿಯ ಕೀಟ. ಅದಕ್ಕೆ 1970ರ ದಶಕದ ಕೊನೆಯಿಂದ 2000ದ ವರೆಗೆ, ಜಿಲ್ಲೆಯ 4,500 ಹೆಕ್ಟೇರಿಗಿಂತ ಹೆಚ್ಚಿನ ಗೇರು ತೋಟಕ್ಕೆ, ವರ್ಷಕ್ಕೆ ಎರಡು ಮೂರು ಸಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಬಿಟ್ಟರು. ನಾನು ಆಗ ಸಣ್ಣವ. ಹೆಲಿಕಾಪ್ಟರ್ ಶಬ್ದ ಕೇಳಿದ್ರೆ ಶಾಲೆಯ ಜಗಲಿಗೆ ಓಡಿ ಬಂದು ಕೈ ಬೀಸ್ತಾ ಇದ್ದೆವು, ಅಷ್ಟು ಕೆಳಗೆ ಹಾರ್ತಿತ್ತು. ಮನೆಗೆ ಬಂದ್ರೆ ಹಗ್ಗದಲ್ಲಿ ಒಣಗಿಸಿದ ಬಟ್ಟೆಗೆಲ್ಲ ಮದ್ದಿನ ವಾಸನೆ, ಅಮ್ಮ ಅದನ್ನ ಪುನಃ ತೊಳಿತಿದ್ರು, ತೊಳಿತಿದ್ದದ್ದೂ ಅದೇ ಸುರಂಗದ ನೀರಲ್ಲಿ. ಮದ್ದು ಬಿಡುವ ಮೊದಲು ಬಾವಿ ಮುಚ್ಚಿ ಅಂತ ಹೇಳಿ ಹೋಗ್ತಿದ್ರು. ಬಾವಿಗೆ ಮಡಲು ಹಾಕಿ ಮುಚ್ಚಬಹುದು, ಸುರಂಗಕ್ಕೆ ಎಂತ ಹಾಕುದು, ತೋಡಿಗೆ ಎಂತ ಹಾಕುದು?

ಏನೋ ಸರಿ ಇಲ್ಲ ಅಂತ ಮೊದಲು ಗೊತ್ತಾದದ್ದು ಊರಿನವರಿಗೇ. ದನಗಳು ಕೈಕಾಲು ಸೊಟ್ಟ ಇರುವ ಕರು ಹಾಕ್ತಾ ಇವೆ ಅಂತ ನಮ್ಮೂರಿನ ಕೃಷಿಕ ಪತ್ರಕರ್ತ ಶ್ರೀಪಡ್ರೆ ಬರೆದದ್ದು 1970ರ ದಶಕದ ಕೊನೆಗೆ, ಅಂದ್ರೆ ಮದ್ದು ಬಿಡ್ಲಿಕ್ಕೆ ಶುರುವಾಗಿ ಹೆಚ್ಚು ಸಮಯ ಆಗಿರ್ಲಿಲ್ಲ. ಆಮೇಲೆ ವಾಣಿನಗರದ ಡಾಕ್ಟರ್ ವೈ.ಎಸ್. ಮೋಹನ ಕುಮಾರ್ ತಮ್ಮ ಕ್ಲಿನಿಕ್ಕಿಗೆ ಬರುವವರಲ್ಲಿ ಬುದ್ಧಿಮಾಂದ್ಯ, ಫಿಟ್ಸ್, ಹುಟ್ಟಿನಿಂದಲೇ ಅಂಗ ಸರಿ ಇಲ್ಲದ ಮಕ್ಕಳು, ಕ್ಯಾನ್ಸರ್ ಇಷ್ಟು ಸಣ್ಣ ಜಾಗದಲ್ಲಿ ಇಷ್ಟು ಯಾಕೆ ಅಂತ ಕೇಳ್ಲಿಕ್ಕೆ ಶುರು ಮಾಡಿದ್ರು. ಪೆರಿಯದಲ್ಲಿ ಕೃಷಿ ಇಲಾಖೆಯ ಕೆಲಸದಲ್ಲೇ ಇದ್ದ ಲೀಲಾಕುಮಾರಿ ಅಮ್ಮ ಕಾಸರಗೋಡು ಜಿಲ್ಲೆಯದ್ದೇ ಹೊಸದುರ್ಗದ ಮುನ್ಸಿಫ್ ಕೋರ್ಟಿಗೆ ಹೋಗಿ 1998ರಲ್ಲಿ ಹೆಲಿಕಾಪ್ಟರ್ ಸಿಂಪಡಣೆಗೆ ಮೊದಲು ತಾತ್ಕಾಲಿಕ ತಡೆ ತಂದ್ರು. ಸರ್ಕಾರಿ ನೌಕರಿಯಲ್ಲಿ ಇದ್ದುಕೊಂಡು ಸರ್ಕಾರಿ ನಿಗಮದ ಮೇಲೆ ಕೇಸು ಹಾಕುದು ಎಷ್ಟು ಕಷ್ಟ ಅಂತ ನೌಕರಿ ಮಾಡಿದವರಿಗೆ ಗೊತ್ತು. ಜಿನೀವಾದ ಕತೆ ಹೇಳುವಾಗ ಇವರನ್ನು ಬಿಟ್ಟು ಹೇಳುದು ನನಗೆ ಸರಿ ಅನಿಸುದಿಲ್ಲ, ನಮ್ಮ ಗುಡ್ಡೆಯ ಮೇಲೆ ಹೆಲಿಕಾಪ್ಟರ್ ಕೊನೆಗೆ ನಿಂತದ್ದು ಮುನ್ಸಿಫ್ ಕೋರ್ಟಿನ ಆದೇಶದಿಂದ, ಅಂತಾರಾಷ್ಟ್ರೀಯ ಒಪ್ಪಂದ ಹುಟ್ಟುವ ಮೊದಲೇ.

ವಿಜ್ಞಾನದ ಕಡೆಯಲ್ಲಿ ಜಗಳ ಇತ್ತು, ಈಗಲೂ ಇದೆ. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು 2001ರಲ್ಲಿ ಬಂದು ನಮ್ಮ ಕಡೆಯ ಶಾಲೆಯ ಗಂಡು ಮಕ್ಕಳನ್ನು ಮೀಂಜ ಪಂಚಾಯತಿನ ಮಕ್ಕಳ ಜೊತೆ ಹೋಲಿಸಿ ನೋಡಿದ್ರು. ಇಲ್ಲಿಯ 117 ಮಂದಿ, ಅಲ್ಲಿಯ 90 ಮಂದಿ. ಇಲ್ಲಿಯವರ ರಕ್ತದಲ್ಲಿ ಎಂಡೋಸಲ್ಫಾನ್ ಹೆಚ್ಚು ಇತ್ತು, ಪ್ರಾಯಕ್ಕೆ ಬರುದು ತಡ ಆಗ್ತಾ ಇತ್ತು ಅಂತ 2003ರಲ್ಲಿ ಪ್ರಕಟ ಆಯ್ತು. ಆದ್ರೆ ಕೇಂದ್ರ ನೇಮಿಸಿದ ದುಬೆ ಕಮಿಟಿ, ಕಾಯಿಲೆಗೂ ಮದ್ದಿಗೂ ಸಂಬಂಧ ಸಾಬೀತಾಗಿಲ್ಲ ಅಂತ ಹೇಳ್ತು. ಇಡೀ ಜಗಳ ನಿಂತಿರುದು "ಈ ಮಗುವಿನ ಈ ಕಾಯಿಲೆ ಈ ಮದ್ದಿನಿಂದಲೇ" ಅಂತ ತೋರಿಸುದರ ಮೇಲೆ, 20 ವರ್ಷ ಯಾರೂ ನೀರು ರಕ್ತ ಅಳತೆ ಮಾಡದೆ ಬಿಟ್ಟ ಮೇಲೆ ಅದನ್ನು ಮಗು ಮಗುವಿಗೆ ತೋರಿಸುದು ಯಾರಿಗೂ ಸುಲಭ ಅಲ್ಲ. ನನ್ನ ಅಭಿಪ್ರಾಯ ಕೇಳಿದ್ರೆ, ಅಳತೆ ಮಾಡಬೇಕಾದವರು ಮಾಡದೆ ಇದ್ದದ್ದನ್ನು ಕುಡಿದವರ ತಲೆಗೆ ಕಟ್ಟಬಾರದು.

ಈಗ ಜಿನೀವಾಕ್ಕೆ ಬರುವ.

ಸ್ಟಾಕ್‌ಹೋಮ್ ಒಪ್ಪಂದ ಅಂತ ಒಂದುಂಟು. 2001ರ ಮೇಯಲ್ಲಿ ಸಹಿ ಆಯ್ತು, 2004ರ ಮೇ 17ಕ್ಕೆ ಜಾರಿಗೆ ಬಂತು, ಭಾರತ 2006ರ ಜನವರಿಯಲ್ಲಿ ಅನುಮೋದನೆ ಕೊಟ್ಟು ಸೇರಿತು. ಬೇಗ ಕರಗದೆ ಉಳಿಯುವ, ಜೀವಿಗಳ ಮೈಯಲ್ಲಿ ಜಮೆ ಆಗುವ, ಗಾಳಿ ನೀರಿನಲ್ಲಿ ದೂರ ದೂರ ಹೋಗುವ ವಿಷಗಳನ್ನು ಪಟ್ಟಿ ಮಾಡಿ ನಿಲ್ಲಿಸುದು ಅದರ ಕೆಲಸ. ಶುರುವಿಗೆ ಪಟ್ಟಿಯಲ್ಲಿ ಡಿಡಿಟಿ ಸೇರಿ 12 ಇದ್ದವು, 2009ರಲ್ಲಿ 9 ಸೇರಿದವು. ಇದರ ಸದಸ್ಯರು ದೇಶಗಳು. ಜಿಲ್ಲೆ ಅಲ್ಲ, ಪಂಚಾಯತು ಅಲ್ಲ, ರೋಗಿಗಳ ಸಂಘ ಅಲ್ಲ. ಸಭೆಯಲ್ಲಿ ಕುರ್ಚಿಯ ಎದುರು ಬೋರ್ಡ್ ಇಡುದು ದೇಶದ ಹೆಸರಿನದ್ದು. ಸಂಘ ಸಂಸ್ಥೆಗಳು ವೀಕ್ಷಕರಾಗಿ ಬರಬಹುದು, ದೇಶಗಳು ಮಾತಾಡಿ ಆದ ಮೇಲೆ ಅವಕಾಶ ಸಿಕ್ಕಿದ್ರೆ ಎರಡು ಮಾತು ಹೇಳಬಹುದು, ವೋಟು ಇಲ್ಲ. ಕೇರಳದ ತಣಲ್ ಅನ್ನುವ ಪರಿಸರ ಸಂಸ್ಥೆಯವರು ಹಾಗೆ ಹೋಗಿ ನಮ್ಮ ವಿಷಯ ಹೇಳ್ತಾ ಬಂದ್ರು, ಅದಕ್ಕೆ ನಾವು ಋಣಿಗಳು.

ಪಡ್ರೆಯ ಪರವಾಗಿ ಆ ಕುರ್ಚಿಯಲ್ಲಿ ಕೂರಬೇಕಾದ್ದು ಭಾರತ. ಮತ್ತು ಆಗ ಜಗತ್ತಿನಲ್ಲಿ ಅತಿ ಹೆಚ್ಚು ಎಂಡೋಸಲ್ಫಾನ್ ತಯಾರು ಮಾಡ್ತಾ ಇದ್ದದ್ದೂ ಭಾರತವೇ, ತಯಾರಿಸುವ ಕಂಪನಿಗಳಲ್ಲಿ ಒಂದು ಕೇಂದ್ರ ಸರ್ಕಾರದ್ದೇ. ಇದು ನಮ್ಮ ಪ್ರಕರಣದ ಗಂಟು. ಸದಸ್ಯ ರಾಷ್ಟ್ರಗಳ ಸಂಸ್ಥೆಯೊಂದು ಬಿಕ್ಕಟ್ಟಿಗೆ ಉತ್ತರ ಕೊಡುದು ಅಂದ್ರೆ ಆ ಬಿಕ್ಕಟ್ಟನ್ನು ಯಾವುದಾದ್ರೂ ಒಂದು ಸದಸ್ಯ ರಾಷ್ಟ್ರ ಒಳಗೆ ತರಬೇಕು, ಬೇರೆ ಬಾಗಿಲು ಇಲ್ಲ. ನಮ್ಮ ಬಿಕ್ಕಟ್ಟನ್ನು ನಮ್ಮ ದೇಶ ತರಲಿಲ್ಲ. ತಂದದ್ದು ಯುರೋಪ್. ತಮ್ಮಲ್ಲಿ 2005ರಲ್ಲೇ ಅದನ್ನು ನಿಲ್ಲಿಸಿದ್ದ ಯುರೋಪಿಯನ್ ಒಕ್ಕೂಟದವರು 2007ರಲ್ಲಿ ಎಂಡೋಸಲ್ಫಾನನ್ನು ಪಟ್ಟಿಗೆ ಸೇರಿಸಿ ಅಂತ ಪ್ರಸ್ತಾಪ ಇಟ್ರು.

ಪ್ರಸ್ತಾಪ ಬಂದ ಕೂಡಲೇ ಸಭೆಗೆ ಹೋಗುದಿಲ್ಲ. 31 ತಜ್ಞರ ಒಂದು ಪರಿಶೀಲನಾ ಕಮಿಟಿ ಉಂಟು, ಅವರನ್ನು ನೇಮಿಸುದು ಸರ್ಕಾರಗಳೇ. ಆ ಕಮಿಟಿ ಮೂರು ಮೆಟ್ಟಿಲು ಹತ್ತಿಸ್ತದೆ: ಮೊದಲು ಈ ವಸ್ತು ಮಾನದಂಡಕ್ಕೆ ಹೊಂದ್ತದಾ, ಆಮೇಲೆ ಅಪಾಯ ಎಷ್ಟು, ಆಮೇಲೆ ನಿಲ್ಲಿಸಿದ್ರೆ ಬದಲಿ ಎಂತ, ಖರ್ಚು ಎಷ್ಟು. 2008, 2009, 2010, ವರ್ಷಕ್ಕೊಂದು ಮೆಟ್ಟಿಲು. ಒಮ್ಮತಕ್ಕೆ ಪ್ರಯತ್ನ ಮಾಡಬೇಕು, ಆಗದಿದ್ರೆ ಮೂರರಲ್ಲಿ ಎರಡು ಪಾಲು ವೋಟಿನಿಂದ ತೀರ್ಮಾನ ಮಾಡಬಹುದು. ಎಂಡೋಸಲ್ಫಾನ್ ವಿಷಯದಲ್ಲಿ ಒಮ್ಮತ ಬರಲೇ ಇಲ್ಲ, ಭಾರತದ ಕಡೆಯ ತಜ್ಞರು ವಿರೋಧ ಮಾಡಿದ್ರು, ವೋಟಿಗೆ ಹಾಕಿದ್ರು.

ಆ ಕಮಿಟಿಯ ಒಂದು ವಾದವನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದ್ರೆ ನಮ್ಮವರು ಹೆಚ್ಚಿನವರಿಗೆ ಇದು ಗೊತ್ತೇ ಇಲ್ಲ. ಒಂದು ವಿಷ ಮಣ್ಣಿನಲ್ಲಿ ಅರ್ಧಕ್ಕೆ ಇಳಿಲಿಕ್ಕೆ 6 ತಿಂಗಳಿಗಿಂತ ಹೆಚ್ಚು ಬೇಕು ಅಂತಾದ್ರೆ ಅದು ಬೇಗ ಕರಗದ್ದು ಅಂತ ಲೆಕ್ಕ. ಎಂಡೋಸಲ್ಫಾನ್ ಮಣ್ಣಿಗೆ ಬಿದ್ದ ಮೇಲೆ ಮುರಿದು ಎಂಡೋಸಲ್ಫಾನ್ ಸಲ್ಫೇಟ್ ಆಗ್ತದೆ, ಅದೂ ಅಷ್ಟೇ ವಿಷ, ಮತ್ತು ಹೆಚ್ಚು ಕಾಲ ಉಳಿತದೆ. ತಯಾರಕರ ಕಡೆಯವರ ವಾದ ಎಂತ ಅಂದ್ರೆ ಮೂಲ ವಸ್ತುವನ್ನು ಮಾತ್ರ ಲೆಕ್ಕ ಹಾಕಿ, ಸಲ್ಫೇಟ್ ಬೇರೆ. ಹಾಲು ಮೊಸರಾಯ್ತು, ಹಾಗಾಗಿ ಪಾತ್ರೆಯಲ್ಲಿ ಈಗ ಏನೂ ಇಲ್ಲ ಅಂತ ಹೇಳಿದ ಹಾಗೆ. ಕಮಿಟಿ ಎರಡನ್ನೂ ಒಟ್ಟು ಹಿಡಿದು ನೋಡಿತು, ಆಗ ಮಣ್ಣಿನಲ್ಲಿ ಅರ್ಧಕ್ಕೆ ಇಳಿಲಿಕ್ಕೆ ಸಾಮಾನ್ಯವಾಗಿ 9 ತಿಂಗಳಿಂದ 6 ವರ್ಷ ಅಂತ ಬಂತು. ನಮ್ಮ ಕಡೆ ವರ್ಷಕ್ಕೆ ಎರಡು ಮೂರು ಸಲ, 20 ವರ್ಷಕ್ಕೂ ಹೆಚ್ಚು ಕಾಲ ಬಿಟ್ಟಿದ್ರು ಅಂತ ನೆನಪಿಟ್ಟುಕೊಂಡು ಈ ಸಂಖ್ಯೆ ಓದಿ.

ಇನ್ನೊಂದು ವಾದವೂ ಆಗಾಗ ಬರ್ತಿತ್ತು, ವಿಶ್ವ ಆರೋಗ್ಯ ಸಂಸ್ಥೆಯೇ ಇದನ್ನು "ಮಧ್ಯಮ ಅಪಾಯ" ಅಂತ ಎರಡನೇ ವರ್ಗದಲ್ಲಿ ಇಟ್ಟಿದೆ, ಮತ್ತೆಂತ ಗಲಾಟೆ ಅಂತ. ಆ ವರ್ಗೀಕರಣ ಮುಖ್ಯವಾಗಿ ಒಮ್ಮೆಲೇ ಹೊಟ್ಟೆಗೋ ಚರ್ಮಕ್ಕೋ ಹೋದ್ರೆ ಸಾಯ್ಲಿಕ್ಕೆ ಎಷ್ಟು ಬೇಕು ಅನ್ನುವ ಲೆಕ್ಕದ್ದು. ಪ್ರತಿದಿನ ಸುರಂಗದ ನೀರಿನಲ್ಲಿ ಸ್ವಲ್ಪ ಸ್ವಲ್ಪ, ಬಸುರಿ ಹೆಂಗಸರು ಕುಡಿದು, ಆಮೇಲೆ ಮಗುವೂ ಕುಡಿದು, ಆ ಲೆಕ್ಕ ಅದರಲ್ಲಿ ಇಲ್ಲ. ಒಂದು ಅಂತಾರಾಷ್ಟ್ರೀಯ ಸಂಸ್ಥೆ ಒಂದು ಕೆಲಸಕ್ಕೆ ಮಾಡಿದ ಪಟ್ಟಿಯನ್ನು ಇನ್ನೊಂದು ಸಂಸ್ಥೆಯ ಸಭೆಯಲ್ಲಿ ಬೇರೆಯೇ ಕೆಲಸಕ್ಕೆ ಗುರಾಣಿ ಮಾಡ್ತಾರೆ ಅಂತ ನನಗೆ ಗೊತ್ತಾದದ್ದೇ ಇದನ್ನು ಓದಿದಾಗ.

ಕೊನೆಗೆ ಕಮಿಟಿಯನ್ನು ಒಪ್ಪಿಸಿದ್ದು ಯಾವುದು ಅಂತ ನೋಡಿದ್ರೆ ಮನಸ್ಸಿಗೆ ಬೇಜಾರಾಗ್ತದೆ, ಆದ್ರೆ ತಿಳ್ಕೊಳ್ಳಬೇಕಾದ ವಿಷಯ. ಎಂಡೋಸಲ್ಫಾನ್ ಗಾಳಿಯಲ್ಲಿ ಹೋಗಿ ಆರ್ಕ್ಟಿಕ್ ತನಕ ಮುಟ್ಟಿದೆ, ಯಾರೂ ಗೇರು ಬೆಳೆಯದ ಜಾಗದ ಗಾಳಿಯಲ್ಲಿ, ನೀರಿನಲ್ಲಿ, ಪ್ರಾಣಿಗಳ ಮೈಯಲ್ಲಿ ಸಿಕ್ಕಿದೆ, ಅದು ದೊಡ್ಡ ಆಧಾರ. ಯಾಕಂದ್ರೆ ಈ ಒಪ್ಪಂದ ಇರುದೇ ಗಡಿ ದಾಟುವ ವಿಷಕ್ಕೆ. ಅದು ಪಡ್ರೆಯಲ್ಲಿ ಬಿದ್ದು ಪಡ್ರೆಯವರನ್ನು ಮಾತ್ರ ಹಾಳು ಮಾಡಿ ಅಲ್ಲೇ ಉಳಿದಿದ್ರೆ, ನಮ್ಮ ಊರಿನ ಮಕ್ಕಳು ಇನ್ನೆಷ್ಟೇ ಮಂದಿ ಮಲಗಿದಲ್ಲೇ ಇದ್ರೂ ಸ್ಟಾಕ್‌ಹೋಮ್ ಒಪ್ಪಂದಕ್ಕೆ ಮುಟ್ಟಲಿಕ್ಕೆ ಅಧಿಕಾರ ಇರ್ತಿರಲಿಲ್ಲ. ಕಮಿಟಿಯ ಅಪಾಯದ ವರದಿಯಲ್ಲಿ ಹುಟ್ಟು ವೈಕಲ್ಯ, ಬುದ್ಧಿಮಾಂದ್ಯ, ಸಾವುಗಳ ಪ್ರಸ್ತಾಪ ಉಂಟು, ಆಫ್ರಿಕಾ, ದಕ್ಷಿಣ ಏಷ್ಯಾ, ಲ್ಯಾಟಿನ್ ಅಮೆರಿಕದ ಹಳ್ಳಿಯವರು ಅಂತ. ನಾವು ಆ "ದಕ್ಷಿಣ ಏಷ್ಯಾ" ಅನ್ನುವ ಎರಡು ಶಬ್ದದ ಒಳಗೆ ಇದ್ದೇವೆ.

ಇದರ ಪಕ್ಕದಲ್ಲಿ ಇನ್ನೊಂದು ಒಪ್ಪಂದದ ಕತೆ ಇಟ್ಟು ನೋಡಿ. ರಾಟರ್‌ಡ್ಯಾಮ್ ಒಪ್ಪಂದ ಅಂತ, ಅಪಾಯದ ರಾಸಾಯನಿಕ ರಫ್ತು ಮಾಡುವ ಮೊದಲು ತರಿಸಿಕೊಳ್ಳುವ ದೇಶದ ಒಪ್ಪಿಗೆ ಕೇಳಬೇಕು ಅಂತ ಹೇಳುದಷ್ಟೇ ಅದು, ಬ್ಯಾನ್ ಕೂಡ ಅಲ್ಲ. ಅದರ ಪಟ್ಟಿಗೆ ಎಂಡೋಸಲ್ಫಾನ್ ಸೇರಿಸುವ ವಿಷಯ 2008ರಲ್ಲಿ ರೋಮ್‌ನ ಸಭೆಗೆ ಬಂದಾಗ ಆಗಲಿಲ್ಲ, ವಿರೋಧಿಸಿದವರಲ್ಲಿ ಭಾರತ ಇತ್ತು. ಅಲ್ಲಿ ಪಟ್ಟಿಗೆ ಸೇರಿಸ್ಲಿಕ್ಕೆ ಎಲ್ಲರೂ ಒಪ್ಪಬೇಕು, ಒಬ್ಬರು ಬೇಡ ಅಂತ ತಲೆ ಆಡಿಸಿದ್ರೆ ಮುಗಿತು. ಸ್ಟಾಕ್‌ಹೋಮ್‌ನಲ್ಲಿ ಹಾಗಲ್ಲ, ಒಮ್ಮತ ಆಗದಿದ್ರೆ ಕೊನೆಗೆ ನಾಲ್ಕರಲ್ಲಿ ಮೂರು ಪಾಲು ವೋಟಿನಿಂದ ಸೇರಿಸಬಹುದು. ಅದೇ ದೇಶಗಳು, ಅದೇ ವಿಷ, ನಿಯಮದಲ್ಲಿ ಒಂದು ಸಾಲು ಬೇರೆ. ವೋಟು ಬರಬಹುದು ಅನ್ನುವ ಸಾಧ್ಯತೆ ಇದ್ದಲ್ಲಿ ವಿರೋಧ ಮಾಡುವವರು ಮಾತುಕತೆಗೆ ಬರ್ತಾರೆ, ಇಲ್ಲದ ಕಡೆ ಬರುವ ಅಗತ್ಯವೇ ಇಲ್ಲ. ಇಂಥ ಸಂಸ್ಥೆಗಳು ಯಾಕೆ ಕೆಲಸ ಮಾಡುದಿಲ್ಲ ಅಂತ ಕೇಳುವವರು ದೊಡ್ಡ ರಾಜಕೀಯ ಹುಡುಕುವ ಮೊದಲು ಆ ಒಂದು ಸಾಲು ಎಲ್ಲಿದೆ ಅಂತ ನೋಡಬೇಕು ಅಂತ ನಾನು ಹೇಳ್ತೇನೆ. ರಾಟರ್‌ಡ್ಯಾಮ್ ಪಟ್ಟಿಗೂ ಎಂಡೋಸಲ್ಫಾನ್ ಸೇರಿತು, ಆದ್ರೆ ಸೇರಿದ್ದು 2011ರ ಜೂನ್‌ನಲ್ಲಿ, ಸ್ಟಾಕ್‌ಹೋಮ್‌ನಲ್ಲಿ ತೀರ್ಮಾನ ಆದ ಮೇಲೆ.

2011ರ ಏಪ್ರಿಲ್ 25ರಿಂದ 29, ಜಿನೀವಾ. ಆ ಹೊತ್ತಿಗೆ ಹವೆ ಬದಲಾಗಿತ್ತು. ಅಮೆರಿಕ 2010ರ ಜೂನ್‌ನಲ್ಲಿ ನಿಲ್ಲಿಸ್ತೇವೆ ಅಂತ ಹೇಳಿತ್ತು, ಆಸ್ಟ್ರೇಲಿಯ ಅದೇ ಅಕ್ಟೋಬರ್‌ನಲ್ಲಿ. 2010ರ ಕೊನೆಗೆ ನಮ್ಮ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವೇ ಸತ್ತವರ ಮನೆಯವರಿಗೆ ಮತ್ತು ಮಲಗಿದಲ್ಲೇ ಇರುವವರಿಗೆ 5 ಲಕ್ಷ, ಉಳಿದವರಿಗೆ 3 ಲಕ್ಷ ಕೊಡಬೇಕು, ಕೇಂದ್ರ ಸರ್ಕಾರ ಜಾಗತಿಕ ಒಮ್ಮತಕ್ಕೆ ಸೇರಬೇಕು ಅಂತ ಹೇಳಿತ್ತು. ಆಚೆ ಬೆಳ್ತಂಗಡಿಯ ಕೊಕ್ಕಡ, ಪಟ್ರಮೆ ಕಡೆಯೂ ಗೇರು ತೋಟಕ್ಕೆ ಇದೇ ಮದ್ದು ಬಿಟ್ಟು ಇದೇ ಸಂಕಟ, ಕರ್ನಾಟಕವೂ ಆ ವರ್ಷದ ಶುರುವಿಗೆ ತಾತ್ಕಾಲಿಕವಾಗಿ ನಿಲ್ಲಿಸಿತ್ತು. ಜಿನೀವಾ ಸಭೆ ಶುರುವಾದ ದಿವಸವೇ ಕೇರಳದ ಮುಖ್ಯಮಂತ್ರಿ ವಿ.ಎಸ್. ಅಚ್ಯುತಾನಂದನ್ ತಿರುವನಂತಪುರದಲ್ಲಿ ಉಪವಾಸ ಕೂತ್ರು. ಒಂದು ರಾಜ್ಯದ ಮುಖ್ಯಮಂತ್ರಿ ಉಪವಾಸ ಕೂತದ್ದು ಯಾಕೆ? ಅವರಿಗೂ ಆ ಸಭೆಯಲ್ಲಿ ಕುರ್ಚಿ ಇರಲಿಲ್ಲ, ಅದಕ್ಕೆ.

29ಕ್ಕೆ ಒಮ್ಮತವೇ ಆಯ್ತು, ಎಂಡೋಸಲ್ಫಾನ್ ಪಟ್ಟಿಯ 22ನೇ ವಿಷ ಆಯ್ತು. ಭಾರತವೂ ಒಪ್ಪಿತು, ಆದ್ರೆ ವಿನಾಯಿತಿ ಬೇಕು, ಬದಲಿ ಹುಡುಕ್ಲಿಕ್ಕೆ ದುಡ್ಡಿನ ಸಹಾಯ ಬೇಕು ಅಂತ ಹೇಳಿ ಒಪ್ಪಿತು. ವಿನಾಯಿತಿ ಅಂದ್ರೆ ಇಂಥ ಬೆಳೆ, ಇಂಥ ಕೀಟ ಅಂತ ಒಂದು ಕೋಷ್ಟಕ, 5 ವರ್ಷದ ಮಟ್ಟಿಗೆ. ನಾನು ಆ ಕೋಷ್ಟಕವನ್ನು ಮೇಲಿಂದ ಕೆಳಗೆ ಬೆರಳಿಟ್ಟು ಓದಿದ್ದೇನೆ. ಹತ್ತಿ ಉಂಟು, ಸೆಣಬು ಉಂಟು, ಕಾಫಿ, ಟೀ, ಭತ್ತ, ತೊಗರಿ, ಕಡ್ಲೆ, ಬೆಂಡೆ, ಬದನೆ, ಮೆಣಸು, ನೀರುಳ್ಳಿ, ಮಾವು, ಸಾಸಿವೆ, ಗೋಧಿ ಎಲ್ಲ ಉಂಟು. ಟೀ ಸಾಲಿನಲ್ಲಿ ಆ ಟೀ ಸೊಳ್ಳೆ ಕೂಡ ಉಂಟು. ಗೇರು ಇಲ್ಲ. ಯಾವ ಬೆಳೆಯ ಹೆಸರಿನಿಂದ ಈ ವಿಷ ದೇಶಕ್ಕೆಲ್ಲ ಗೊತ್ತಾಯ್ತೋ ಆ ಬೆಳೆಯನ್ನು ಕೋಷ್ಟಕದಿಂದ ಬಿಟ್ಟರು, ನಮ್ಮ ಗುಡ್ಡೆಗೆ ಬಂದ ಕೀಟವನ್ನು ಮಾತ್ರ ಬೇರೆ ಬೆಳೆಯ ಸಾಲಿನಲ್ಲಿ ಉಳಿಸಿದ್ರು. ಪಡ್ರೆಯ ಜನ ಮಾಡಿದ ಗಲಾಟೆ ಜಿನೀವಾದ ಕಾಗದದ ಮೇಲೆ ಬಿಟ್ಟ ಗುರುತು ಅಂತ ಕೇಳಿದ್ರೆ ನಾನು ಆ ಇಲ್ಲದ ಸಾಲನ್ನು ತೋರಿಸ್ತೇನೆ.

ಈಗ ಆ ಉಳಿದ ಅರ್ಧ. ಒಪ್ಪಂದಕ್ಕೆ ಸೇರುವಾಗ ಭಾರತ ಒಂದು ಘೋಷಣೆ ಕೊಟ್ಟಿತ್ತು: ಪಟ್ಟಿಗೆ ಮುಂದೆ ಯಾವುದನ್ನು ಸೇರಿಸಿದ್ರೂ ನಾವು ಅದಕ್ಕೆ ಬೇರೆಯಾಗಿ ಅನುಮೋದನೆ ಕೊಟ್ಟರೆ ಮಾತ್ರ ನಮಗೆ ಅನ್ವಯ. ಒಪ್ಪಂದದಲ್ಲಿಯೇ ಅದಕ್ಕೆ ಅವಕಾಶ ಉಂಟು, ಕಾನೂನಿನ ಪ್ರಕಾರ ತಪ್ಪೇನಲ್ಲ. ಹಾಗಾಗಿ 2012ರ ಅಕ್ಟೋಬರ್ 27ಕ್ಕೆ ಎಂಡೋಸಲ್ಫಾನ್ ತಿದ್ದುಪಡಿ ಹೆಚ್ಚಿನ ದೇಶಗಳಿಗೆ ಜಾರಿಗೆ ಬಂದಾಗ ನಮಗೆ ಬರಲಿಲ್ಲ. 2020ರ ಅಕ್ಟೋಬರ್‌ನಲ್ಲಿ ಕೇಂದ್ರ ಸಂಪುಟ ಈ ಒಪ್ಪಂದದ ಪಟ್ಟಿಯಲ್ಲಿರುವ 7 ರಾಸಾಯನಿಕಕ್ಕೆ ಅನುಮೋದನೆ ಕೊಟ್ಟಿತು, ಅದರಲ್ಲೂ ಎಂಡೋಸಲ್ಫಾನ್ ಇರಲಿಲ್ಲ. ನಮ್ಮ ದೇಶದಲ್ಲಿ ಅದು ನಿಂತದ್ದು ಸುಪ್ರೀಂ ಕೋರ್ಟಿನಿಂದ. ಡಿವೈಎಫ್‌ಐ ಅನ್ನುವ ಯುವಜನ ಸಂಘಟನೆ ಹಾಕಿದ ಅರ್ಜಿಯ ಮೇಲೆ 2011ರ ಮೇ 13ಕ್ಕೆ, ಜಿನೀವಾ ಮುಗಿದು ಎರಡು ವಾರಕ್ಕೆ, ತಯಾರಿ, ಮಾರಾಟ, ಬಳಕೆ ಎಲ್ಲ ಮಧ್ಯಂತರ ಆದೇಶದಿಂದ ನಿಂತಿತು. ಹಾಗಾದ್ರೆ ಜಿನೀವಾದಿಂದ ಏನೂ ಆಗಲಿಲ್ವಾ ಅಂದ್ರೆ ನಾನು ಹಾಗೆ ಹೇಳುದಿಲ್ಲ. ಇಡೀ ಜಗತ್ತಿನ ತಜ್ಞರ ಕಮಿಟಿ ಮೂರು ವರ್ಷ ಕೂತು ವಿಷ ಅಂತ ದಾಖಲೆ ಮಾಡಿದ ಮೇಲೆ ಕಾಸರಗೋಡಿನವರು ಸುಮ್ಮನೆ ಕೂಗ್ತಾರೆ ಅಂತ ಹೇಳ್ಲಿಕ್ಕೆ ಯಾರಿಗೂ ಬಾಯಿ ಬರಲಿಲ್ಲ. ಅದು ಸಣ್ಣದಲ್ಲ. ಆದ್ರೆ ಅದು ಆದೇಶ ಅಲ್ಲ, ಸಾಕ್ಷಿ.

ಮತ್ತು ಜಿನೀವಾ ಕೊಟ್ಟ ಉತ್ತರ ರಾಸಾಯನಿಕದ ಬಗ್ಗೆ, ಮನುಷ್ಯರ ಬಗ್ಗೆ ಅಲ್ಲ. ಒಪ್ಪಂದದಲ್ಲಿ ಪರಿಹಾರ ಅನ್ನುವ ಅಧ್ಯಾಯ ಇಲ್ಲ, ಚಿಕಿತ್ಸೆ ಇಲ್ಲ, ಆಸ್ಪತ್ರೆ ಇಲ್ಲ. ನಮ್ಮ ಬಿಕ್ಕಟ್ಟಿನಲ್ಲಿ ನೀರು, ಕಾಯಿಲೆ, ತೋಟದ ಕೂಲಿಯವರ ದುಡಿಮೆ, ಭಾಷೆ, ರಾಜ್ಯದ ಗಡಿ ಎಲ್ಲ ಒಂದಕ್ಕೊಂದು ಸಿಕ್ಕಿಕೊಂಡು ಉಂಟು, ಸಂಸ್ಥೆ ಅದರಿಂದ ತನ್ನ ಕೈಗೆ ಸಿಗುವ ಒಂದು ಎಳೆ ಎಳೆದುಕೊಂಡಿತು. ಉಳಿದದ್ದೆಲ್ಲ ವಾಪಸ್ ನಮ್ಮ ಜಿಲ್ಲೆಗೇ ಬಂತು.

ಹೇಗೆ ಬಂತು ಅಂತ ಒಂದು ದಿವಸದ್ದು ಹೇಳ್ತೇನೆ. ಅದೇ 2011ರಲ್ಲಿ ಸಂತ್ರಸ್ತರನ್ನು ಗುರುತಿಸುವ ಒಂದು ಮೆಡಿಕಲ್ ಕ್ಯಾಂಪ್. ಪಕ್ಕದ ಮನೆಯ ಅಕ್ಕ ಮಗನನ್ನು ಕರ್ಕೊಂಡು ಹೊರಟಿದ್ರು, "ತಮ್ಮಾ ನೀನೊಮ್ಮೆ ಬಾ, ನನಗೆ ಅವರ ಮಾತು ಗೊತ್ತಾಗುದಿಲ್ಲ" ಅಂದ್ರು, ಹೋದೆ. ಅವರಿಗೆ ತುಳು, ಕನ್ನಡ ಗೊತ್ತು, ಮಲಯಾಳ ಬರುದಿಲ್ಲ. ಫಾರ್ಮ್ ಇದ್ದದ್ದು ಮಲಯಾಳದಲ್ಲಿ. ಸ್ಟಾಕ್‌ಹೋಮ್ ಒಪ್ಪಂದದ ಮುಖ್ಯ ಕಾಗದಗಳು ವಿಶ್ವಸಂಸ್ಥೆಯ 6 ಭಾಷೆಯಲ್ಲಿ ಸಿಗ್ತವೆ, ಎಣ್ಮಕಜೆಯ ಅಮ್ಮನಿಗೆ ತನ್ನ ಮಗನ ಫಾರ್ಮ್ ಅವಳ ಭಾಷೆಯಲ್ಲಿ ಸಿಗಲಿಲ್ಲ. ಡಾಕ್ಟರು ಒಳ್ಳೆಯವರೇ, ಬೆಳಿಗ್ಗೆಯಿಂದ ನೂರಾರು ಜನ ನೋಡಿ ಸುಸ್ತಾಗಿದ್ರು. ಮನೆಗೂ ಗೇರು ತೋಟಕ್ಕೂ ಎಷ್ಟು ದೂರ ಅಂತ ಕೇಳಿದ್ರು. ನಾನು ಹೇಳಿದೆ ಅಕ್ಕನಿಗೆ. ಅಕ್ಕ "ದೂರ ಎಂತದ್ದು, ಮೇಲೆಯೇ ಉಂಟಲ್ಲ" ಅಂದ್ರು, ಕೈಯನ್ನು ತಲೆಯ ಮೇಲೆ ಎತ್ತಿ ತೋರಿಸಿದ್ರು. ಫಾರ್ಮಿನಲ್ಲಿ ಇದ್ದದ್ದು ಕಿಲೋಮೀಟರ್ ಅಂತ ಒಂದು ಚೌಕ. ನಮ್ಮ ಮನೆಯಿಂದ ತೋಟದ ಗೇಟಿಗೆ ರಸ್ತೆಯಲ್ಲಿ ಹೋದ್ರೆ ಸುತ್ತು, ಎರಡು ಕಿಲೋಮೀಟರ್ ಹತ್ರ ಆಗ್ತದೆ, ಗುಡ್ಡೆಯಲ್ಲಿ ನೆಟ್ಟಗೆ ಹತ್ತಿದ್ರೆ ಹತ್ತು ನಿಮಿಷ ಇಲ್ಲ, ನೀರು ಇಳಿಲಿಕ್ಕಂತೂ ದೂರವೇ ಇಲ್ಲ. ಎಂತ ಬರೆಯುದು? ನಾನು ಕಾಲು ಕಿಲೋಮೀಟರ್ ಅಂತ ಹೇಳಿದೆ, ಅವರು ಬರ್ಕೊಂಡ್ರು. ಮನೆಗೆ ಬಂದ ಮೇಲೆ ರಾತ್ರಿ ಇಡೀ ಅದೇ ಯೋಚನೆ, "ಮೇಲೆ" ಅಂದದ್ದನ್ನು ನಾನು "ದೂರ" ಮಾಡಿ ಬರೆಸಿದೆ ಅಂತ. ಅವರ ಪರವಾಗಿ ಮಾತಾಡುವವ ನಾನು, ಅವರದ್ದೇ ಊರಿನವ, ಆದ್ರೂ ಆ ಚೌಕಕ್ಕೆ ಹಿಡಿಸುವ ಹಾಗೆ ಮಾತು ಬದಲಾಯಿತು. ದೇಶದ ಬೋರ್ಡಿನ ಹಿಂದೆ ಕೂತು ಮಾತಾಡುವವರಿಗೆ ಈ ಚೌಕ ಎಷ್ಟು ಸಲ ಎದುರಾಗ್ತದೋ, ಮತ್ತು ಅವರಿಗೆ ಊರೂ ಗೊತ್ತಿಲ್ಲ.

ಹುಡುಗನ ಹೆಸರು ಸಂತ್ರಸ್ತರ ಮೊದಲ ಪಟ್ಟಿಯಲ್ಲಿ ಬರಲಿಲ್ಲ, ಮುಂದಿನ ಕ್ಯಾಂಪ್ ಆದ ಮೇಲೆ ಬಂತು.

ಪರಿಹಾರದ ದಾರಿ ಇನ್ನೂ ಉದ್ದ. 2017ರ ಜನವರಿ 10ಕ್ಕೆ ಸುಪ್ರೀಂ ಕೋರ್ಟ್ ಕೇರಳ ಸರ್ಕಾರಕ್ಕೆ, ಸಂತ್ರಸ್ತರಿಗೆ 5 ಲಕ್ಷದ ಲೆಕ್ಕದಲ್ಲಿ ಮೂರು ತಿಂಗಳ ಒಳಗೆ ಕೊಡಿ ಅಂತ ಆದೇಶ ಮಾಡಿತು. 5 ವರ್ಷ ಕಳೆದು 2022ರ ಮೇಯಲ್ಲಿ ಪುನಃ ಕೋರ್ಟಿಗೆ ಹೋದಾಗ ತಿಳಿದದ್ದು, 3,704 ಮಂದಿಯಲ್ಲಿ ಕೋರ್ಟಿಗೆ ಬಂದ 8 ಮಂದಿಗೆ ಮಾತ್ರ ಕೊಟ್ಟಿದ್ದಾರೆ ಅಂತ. ಕೋರ್ಟ್ ಸಿಟ್ಟು ಮಾಡಿದ ಮೇಲೆ ಉಳಿದವರಿಗೆ ದುಡ್ಡು ಬರ್ಲಿಕ್ಕೆ ಶುರುವಾಯ್ತು. ಚಿಕಿತ್ಸೆಯದ್ದು ಬೇರೆ ಕತೆ, ಉಕ್ಕಿನಡ್ಕದ ಮೆಡಿಕಲ್ ಕಾಲೇಜಿಗೆ ಕಲ್ಲು ಹಾಕಿದ್ದು 2013ರಲ್ಲಿ, ನಮ್ಮವರು ದೊಡ್ಡ ಕಾಯಿಲೆಗೆ ಓಡುದು ಈಗಲೂ ಮಂಗಳೂರಿಗೆ. 2020ರ ಮಾರ್ಚಿನಲ್ಲಿ ತಲಪಾಡಿಯಲ್ಲಿ ಗಡಿ ಮುಚ್ಚಿದಾಗ ಆ ದಾರಿಯೂ ಇಲ್ಲ ಅಂತಾಯ್ತು, ಆ ದಿನಗಳನ್ನು ನೆನಪು ಮಾಡಿದ್ರೆ ಈಗಲೂ ಹೊಟ್ಟೆಯಲ್ಲಿ ಸಂಕಟ ಆಗ್ತದೆ.

ಒಪ್ಪಂದದ ಮಾತು ಮುಗಿಲಿಲ್ಲ, ಅದರಿಂದ ನಾವು ಈಗಲೂ ಕೇಳಬಹುದಾದ ಒಂದು ವಿಷಯ ಉಂಟು. ಅದರ 6ನೇ ವಿಧಿಯಲ್ಲಿ ಹಳೆ ದಾಸ್ತಾನು ಮತ್ತು ಕಸವನ್ನು ಹುಡುಕಿ, ಸುರಕ್ಷಿತವಾಗಿ ಇಟ್ಟು, ನಾಶ ಮಾಡುವ ಹೊಣೆ ಬರೆದಿದೆ. ನಮ್ಮ ಜಿಲ್ಲೆಯ ಗೋಡೌನುಗಳಲ್ಲಿ ಉಳಿದಿದ್ದ ಎಂಡೋಸಲ್ಫಾನನ್ನು ತುಕ್ಕು ಹಿಡಿದ ಡ್ರಮ್ಮುಗಳಿಂದ ಹೊಸ ಡ್ರಮ್ಮಿಗೆ ತುಂಬಿಸಿದ್ದು 2012ರಲ್ಲಿ. ಗಡಿಯ ಹತ್ರ ಮಿಂಚಿನಪದವಿನ ಗೇರು ಗುಡ್ಡೆಯಲ್ಲಿ ಒಂದು ಬಾವಿಗೇ ಎಂಡೋಸಲ್ಫಾನ್ ಹಾಕಿ ಮುಚ್ಚಿದ್ದಾರೆ ಅನ್ನುವ ದೂರು ರಾಷ್ಟ್ರೀಯ ಹಸಿರು ನ್ಯಾಯಪೀಠದ ತನಕ ಹೋಗಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯವರು ನೋಡ್ಲಿಕ್ಕೆ ಬರುವಂತಾಯ್ತು. ಆ ಗುಡ್ಡೆಯ ನೀರು ಈಚೆ ಕೇರಳಕ್ಕೂ ಇಳಿತದೆ, ಆಚೆ ಕರ್ನಾಟಕಕ್ಕೂ ಇಳಿತದೆ.

ಹಾಗಾಗಿ ನಾವು ಕೇಳಬೇಕಾದ್ದು ಇಷ್ಟು ಅಂತ ನನ್ನ ಲೆಕ್ಕ. ದೆಹಲಿಯ ಹತ್ರ: ಎಂಡೋಸಲ್ಫಾನ್ ತಿದ್ದುಪಡಿಗೆ ಅನುಮೋದನೆ ಕೊಡಿ, ಕೊಟ್ಟರೆ ದಾಸ್ತಾನಿನ ಹೊಣೆ ಅಂತಾರಾಷ್ಟ್ರೀಯ ಹೊಣೆ ಆಗ್ತದೆ, ಅದರ ವರದಿಯನ್ನು ಜಗತ್ತಿಗೆ ಕೊಡಬೇಕಾಗ್ತದೆ, ದೇಶದೊಳಗೆ ಕೋರ್ಟಿನ ಆದೇಶದಿಂದ ಹೇಗೂ ನಿಂತಿರುವ ವಿಷಕ್ಕೆ ಅನುಮೋದನೆ ಕೊಟ್ಟರೆ ಯಾವ ರೈತನಿಗೂ ಹೊಸ ನಷ್ಟ ಇಲ್ಲ. ಎರಡು ರಾಜ್ಯಗಳ ಹತ್ರ: ಗಡಿಯ ಈಚೆ ಆಚೆ ಎರಡೂ ಕಡೆಯ ಸುರಂಗ, ಬಾವಿ, ತೋಡಿನ ನೀರನ್ನು ಮಳೆಗಾಲಕ್ಕೆ ಮೊದಲು ಒಮ್ಮೆ, ಮಳೆ ನಿಂತ ಮೇಲೆ ಒಮ್ಮೆ ಪರೀಕ್ಷೆ ಮಾಡಿ, ಎಂಡೋಸಲ್ಫಾನ್ ಮಾತ್ರ ಅಲ್ಲ, ಸಲ್ಫೇಟ್ ಕೂಡ ನೋಡಿ, ಮತ್ತು ರಿಪೋರ್ಟನ್ನು ಕನ್ನಡದಲ್ಲೂ ಮಲಯಾಳದಲ್ಲೂ ಪಂಚಾಯತು ಆಫೀಸಿನ ಗೋಡೆಗೆ ಅಂಟಿಸಿ.